ನಿಂತ ಕಾಲಿನ ಬಲ

ಸಿಂದಗಿಯ ಒಂದು ಪ್ರೌಢಶಾಲೆಯ ಬಯಲು. ಜೂನ್ ತಿಂಗಳ ಮೊದಲ ದೊಡ್ಡ ಮಳೆ ಬಿದ್ದು ಎರಡು ದಿನವಾಗಿತ್ತು. ಮೇಲಿನ ಪದರ ಒಣಗಿದಂತೆ ಕಂಡರೂ ಕಾಲಿಟ್ಟರೆ ಒಳಗಿನ ತೇವ ತಿಳಿಯುತ್ತಿತ್ತು. ಒಂದು ಕಡೆ ಎರಡು ಜಾಲಿ ಗೂಟ, ಇನ್ನೊಂದು ಕಡೆ ಎರಡು ಪಾಟಿಚೀಲ. ಅವೇ ಗೋಲ್‌ಪೋಸ್ಟ್.

ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ಮೈಕಟ್ಟಿನಲ್ಲಿ ಆಗಲೇ ಪೈಲ್ವಾನ, ಹದಿನೈದು ಹೆಜ್ಜೆ ಹಿಂದಿನಿಂದ ಓಡಿ ಬಂದು ಚೆಂಡಿಗೆ ಒದ್ದ. ಸದ್ದೇನೋ ಜೋರಾಗಿಯೇ ಬಂತು. ಚೆಂಡು ಮಾತ್ರ ನೆಲ ಬಿಡದೆ ಉರುಳಿ ಇಪ್ಪತ್ತು ಮಾರು ದೂರದಲ್ಲಿ ನಿಂತುಬಿಟ್ಟಿತು. ಅವನ ಬೆನ್ನಿಗೇ ಬಂದ ಹುಡುಗಿ ನಾಲ್ಕೇ ಹೆಜ್ಜೆ ಓಡಿ ಒದ್ದಳು. ಚೆಂಡು ಗಾಳಿಗೇರಿ, ಕಾಂಪೌಂಡ್ ಗೋಡೆ ದಾಟಿ, ರಸ್ತೆಯಾಚೆ ಬಿತ್ತು.

ಹುಡುಗ ನನ್ನ ಹತ್ತಿರ ಬಂದು ನಿಂತ. "ಸರ್, ನನಗ ಮೈ ಐತಿ, ಜೋರ್ ಐತಿ. ಅಕಿ ನೋಡಿದ್ರ ಕಡ್ಡಿ ಇದ್ದಂಗ ಅದಾಳ. ಚೆಂಡ ಅಕಿ ಮಾತ ಯಾಕ ಕೇಳ್ತೈತ್ರಿ?"

ಇಪ್ಪತ್ತು ವರ್ಷದಿಂದ ವಿಜ್ಞಾನ ಪಾಠ ಹೇಳುತ್ತಿದ್ದೇನೆ. ಬಲ ಮತ್ತು ಚಲನೆಯ ಅಧ್ಯಾಯವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದೇನೋ ಲೆಕ್ಕವಿಲ್ಲ. ಆದರೆ ಆ ಅಧ್ಯಾಯದ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ಕಂಡಿಲ್ಲ. ಅಂದಿನಿಂದ ಆ ಬಯಲೇ ನಮಗೆ ಪ್ರಯೋಗಾಲಯವಾಯಿತು.

ಮೊದಲು ಅಳತೆ. ಚೆಂಡಿಟ್ಟ ಜಾಗದಿಂದ ಹತ್ತು ಮೀಟರ್ ದೂರಕ್ಕೆ ಸುಣ್ಣದ ಗೆರೆ ಎಳೆದೆವು. ಮೊಬೈಲನ್ನು ಪಕ್ಕದಲ್ಲಿ ಇಟ್ಟಿಗೆಗೆ ಆನಿಸಿ, ಸೆಕೆಂಡಿಗೆ 240 ಚಿತ್ರ ಹಿಡಿಯುವ ಸ್ಲೋ ಮೋಷನ್‌ಗೆ ಹಾಕಿದೆವು. ಹುಡುಗಿ ಒದ್ದಳು. ಚೆಂಡು ಆ ಹತ್ತು ಮೀಟರ್ ದಾಟಲು 133 ಚಿತ್ರ ತೆಗೆದುಕೊಂಡಿತ್ತು. ಲೆಕ್ಕ ಹಾಕಿದರೆ ಸೆಕೆಂಡಿಗೆ 18 ಮೀಟರ್, ಅಂದರೆ ಗಂಟೆಗೆ 65 ಕಿಲೋಮೀಟರ್. ಹೆದ್ದಾರಿಯಲ್ಲಿ ವಿಜಯಪುರದ ಬಸ್ಸು ಓಡುವ ವೇಗ. ಮಕ್ಕಳು ಹೋ ಎಂದು ಕೂಗಿದರು. ಆದರೆ ಅವರು ಬಾಯಿ ಮುಚ್ಚಿ ನೋಡಿದ್ದು ಇನ್ನೊಂದು ಸಂಗತಿಯನ್ನು. ಪಾದ ಚೆಂಡಿಗೆ ತಾಗಿರುವುದು ಇಡೀ ವಿಡಿಯೋದಲ್ಲಿ ಎರಡೇ ಎರಡು ಚಿತ್ರಗಳಲ್ಲಿ. ಒಂದರಲ್ಲಿ ಚೆಂಡು ಚೆಂಡಾಗಿಯೇ ಇರಲಿಲ್ಲ. ರೊಟ್ಟಿ ತಟ್ಟುವ ಮೊದಲು ಅವ್ವ ಅಂಗೈಯಲ್ಲಿ ಒತ್ತಿದ ಹಿಟ್ಟಿನ ಉಂಡೆಯ ಹಾಗೆ ಒಂದು ಮಗ್ಗುಲು ಚಪ್ಪಟೆಯಾಗಿ ಪಾದದ ಮೇಲೆ ಕೂತಿತ್ತು.

ಎರಡು ಚಿತ್ರ ಅಂದರೆ ಒಂದು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು, ತುಸು ಕಡಿಮೆಯೇ. ದೊಡ್ಡ ಆಟಗಾರರ ಒದೆತವನ್ನು ಇದಕ್ಕಿಂತ ಎಷ್ಟೋ ವೇಗದ ಕ್ಯಾಮೆರಾಗಳಲ್ಲಿ ಹಿಡಿದವರಿಗೂ ಸಿಕ್ಕಿರುವುದು ಇದೇ ಅಳತೆ: ಎಂಟರಿಂದ ಹತ್ತು ಮಿಲಿಸೆಕೆಂಡ್. ರೆಪ್ಪೆ ಒಮ್ಮೆ ಮಿಟುಕುವಷ್ಟರಲ್ಲಿ ಇಂಥ ಹತ್ತು ಒದೆತ ಮುಗಿದಿರುತ್ತವೆ. ಚೆಂಡಿಗೆ ಸಿಗಬೇಕಾದ ವೇಗ, ದಿಕ್ಕು, ತಿರುಗುಣಿ ಎಲ್ಲವೂ ಆ ಅವಧಿಯಲ್ಲೇ ಸಿಕ್ಕಿಬಿಡಬೇಕು. ಪಾದ ಬಿಟ್ಟ ಮೇಲೆ ಆಟಗಾರ ಎಷ್ಟು ಕೂಗಿದರೂ, ಮೈ ಎಷ್ಟು ತಿರುಚಿದರೂ ಚೆಂಡಿಗೆ ಅದು ಗೊತ್ತಾಗುವುದಿಲ್ಲ.

ಇಷ್ಟು ಸಣ್ಣ ಅವಧಿಯಲ್ಲಿ ಇಷ್ಟು ವೇಗ ಹುಟ್ಟಬೇಕಾದರೆ ಬಲ ಎಷ್ಟು ಬೇಕು? ನಿಯಮದ ಪ್ರಕಾರ ಚೆಂಡಿನ ತೂಕ 410ರಿಂದ 450 ಗ್ರಾಂ, ಸುತ್ತಳತೆ 68ರಿಂದ 70 ಸೆಂಟಿಮೀಟರ್. 430 ಗ್ರಾಂ ಎಂದಿಟ್ಟುಕೊಳ್ಳೋಣ. ನ್ಯೂಟನ್ನನ ಎರಡನೆಯ ನಿಯಮ ಕೇಳುವುದು ಒಂದನ್ನೇ: ಸಂವೇಗ ಎಷ್ಟು ಬದಲಾಯಿತು, ಎಷ್ಟು ಹೊತ್ತಿನಲ್ಲಿ ಬದಲಾಯಿತು? 0.43 ಕೆ.ಜಿ.ಯನ್ನು 18ರಿಂದ ಗುಣಿಸಿ ನೂರನೆಯ ಒಂದು ಸೆಕೆಂಡಿನಿಂದ ಭಾಗಿಸಿದರೆ 770 ನ್ಯೂಟನ್ ಬರುತ್ತದೆ. 78 ಕೆ.ಜಿ. ಭಾರಕ್ಕೆ ಸಮನಾದ ಬಲ. ಇದು ಸರಾಸರಿ. ಆ ಅವಧಿಯ ನಡುಮಧ್ಯದಲ್ಲಿ, ಚೆಂಡು ಎಲ್ಲಕ್ಕಿಂತ ಹೆಚ್ಚು ಚಪ್ಪಟೆಯಾದ ಗಳಿಗೆಯಲ್ಲಿ, ಬಲ ಅದರ ಇಮ್ಮಡಿಯ ಹತ್ತಿರ ಹೋಗುತ್ತದೆ. ಒಳ್ಳೆಯ ವೃತ್ತಿಪರ ಆಟಗಾರ ಸೆಕೆಂಡಿಗೆ 25 ಮೀಟರಿನಂತೆ ಹೊಡೆದಾಗ ಸರಾಸರಿಯೇ 1,075 ನ್ಯೂಟನ್ ಆಗುತ್ತದೆ. ತುಂಬಿದ ಒಂದು ಕ್ವಿಂಟಲ್ ಜೋಳದ ಚೀಲ, ಮೇಲೆ ಇನ್ನೂ 10 ಕೆ.ಜಿ.

ಈ ಭಾಗದ ಮಕ್ಕಳಿಗೆ ಕ್ವಿಂಟಲ್ ಚೀಲ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಸವನ ಬಾಗೇವಾಡಿಯ ಶ್ರಾವಣದ ಜಾತ್ರೆಯಲ್ಲಿ, ಸುತ್ತಲಿನ ಊರುಗಳ ಜಾತ್ರೆಗಳಲ್ಲಿ ಚೀಲ ಎತ್ತುವವರನ್ನೂ ಸಂಗ್ರಾಣಿ ಕಲ್ಲು, ಗುಂಡುಕಲ್ಲು ಎತ್ತುವವರನ್ನೂ ಅವರು ಅಪ್ಪನ ಹೆಗಲ ಮೇಲೆ ಕೂತು ನೋಡಿದವರು. ಪೈಲ್ವಾನ ಚೀಲವನ್ನು ತೊಡೆಗೆ ತಂದು, ಉಸಿರು ಹಿಡಿದು, ಎದೆಗೇರಿಸಿ, ಹೆಗಲು ದಾಟಿಸುವಷ್ಟರಲ್ಲಿ ಹಲಗೆಯವರು ಎರಡು ಸುತ್ತು ಬಾರಿಸಿರುತ್ತಾರೆ. ಅಷ್ಟೂ ಹೊತ್ತು ಅವನ ಬಲ ನಿಂತಿರಬೇಕು. ನಮ್ಮ ಕಡ್ಡಿಯಂಥ ಹುಡುಗಿಯದು ಅದೇ ಜಾತಿಯ ಬಲ, ಆದರೆ ಬಂದು ಹೋಗುವುದು ಕ್ಷಣದ ತುಣುಕಿನಲ್ಲಿ. ಬಲವನ್ನೂ ಅದು ದುಡಿದ ಹೊತ್ತನ್ನೂ ಗುಣಿಸಿದಾಗ ಬರುವ ಆವೇಗವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಪೈಲ್ವಾನನ ಮುಂದೆ ಇವಳ ಗಳಿಕೆ ತೀರಾ ಸಣ್ಣದು. ಅವನ ಚೀಲ ನೂರು ಕೆ.ಜಿ., ಇವಳ ಚೆಂಡು ಅರ್ಧ ಕೆ.ಜಿ.ಯೂ ಅಲ್ಲ. ಹೀಗಾಗಿ ಚೆಂಡಿಗೆ ಬೇಕಾದದ್ದು ಎತ್ತುವ ತಾಕತ್ತಲ್ಲ, ಪಾದದ ವೇಗ. ನಮ್ಮ ಹುಡುಗ ಮೊದಲು ಎಡವಿದ್ದು ಇಲ್ಲೇ. ಅವನು ಚೆಂಡನ್ನು ಕಲ್ಲಿನಂತೆ ನೂಕಲು ಹೊರಟಿದ್ದ.

ಪಾದಕ್ಕೆ ವೇಗ ಬರುವುದು ಎಲ್ಲಿಂದ? ಕವಣಿ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಜೋಳ ಹಾಲುಗಾಳು ಹಿಡಿದಾಗ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಓಡಿಸುವವರು ಕವಣಿ ಬೀಸುತ್ತಿದ್ದುದನ್ನು ನನ್ನ ವಯಸ್ಸಿನವರು ಕಂಡಿದ್ದೇವೆ. ಮೊದಲು ಟೊಂಕ ತಿರುಗುತ್ತದೆ, ಆಮೇಲೆ ಹೆಗಲು, ಆಮೇಲೆ ಮೊಣಕೈ, ಮಣಿಕಟ್ಟು, ಕಡೆಗೆ ಕವಣಿಯ ಹಗ್ಗ. ಒಂದೊಂದು ಕೀಲೂ ತಾನು ಗಳಿಸಿದ ವೇಗವನ್ನು ಮುಂದಿನದಕ್ಕೆ ದಾಟಿಸಿ ತಾನು ಸಾವಕಾಶವಾಗುತ್ತದೆ. ಬಾರುಕೋಲಿನದೂ ಇದೇ ಕತೆ. ಹಿಡಿಕೆಯಲ್ಲಿ ಕೈ ಅಲ್ಲಾಡುವುದು ಸ್ವಲ್ಪವೇ, ಬಾರಿನ ತುದಿ ಶಬ್ದದ ವೇಗವನ್ನೂ ಮೀರುತ್ತದೆ. ಆ 'ಚಟ್' ಎಂಬ ಸದ್ದು ಎತ್ತಿಗೆ ಬಿದ್ದ ಏಟಿನದಲ್ಲ, ಗಾಳಿಯನ್ನು ಸೀಳಿದ್ದು.

ಒದೆತದಲ್ಲಿ ಬಾರುಕೋಲು ನಮ್ಮ ಕಾಲೇ. ಕಡೆಯ ಹೆಜ್ಜೆಯಲ್ಲಿ ಒದೆಯುವ ಕಾಲು ಹಿಂದಕ್ಕೆ ಹೋಗುತ್ತದೆ, ಮೊಣಕಾಲು ಮಡಚುತ್ತದೆ. ಟೊಂಕ ಮುಂದಕ್ಕೆ ತಿರುಗುತ್ತದೆ, ಅದರ ಹಿಂದೆ ತೊಡೆ ಬೀಸಿ ಬರುತ್ತದೆ, ಮೊಣಕಾಲಿನ ಕೆಳಭಾಗ ಇನ್ನೂ ಮಡಚಿಕೊಂಡೇ ಇರುತ್ತದೆ. ತೊಡೆಯ ವೇಗ ತಗ್ಗತೊಡಗಿದಾಗಲೇ ಕೆಳಗಾಲು ಬಿಚ್ಚಿಕೊಂಡು ಚಿಮ್ಮುವುದು. ಚೆಂಡಿಗೆ ತಾಗುವ ಹೊತ್ತಿಗೆ ತೊಡೆ ಹೆಚ್ಚುಕಡಿಮೆ ನಿಂತಂತಿರುತ್ತದೆ, ಪಾದ ಮಾತ್ರ ಸೆಕೆಂಡಿಗೆ 15ರಿಂದ 20 ಮೀಟರಿನಂತೆ ಹಾರುತ್ತಿರುತ್ತದೆ. ನಮ್ಮ ವಿಡಿಯೋದಲ್ಲಿ ಹುಡುಗಿಯ ಕಾಲು ಹೀಗೆಯೇ ಬಿಚ್ಚಿಕೊಂಡಿತ್ತು. ಹುಡುಗನದು ಮೊಣಕಾಲು ಮಡಚದೆ, ಬಾಗಿಲಿನ ಅಗಳಿಯ ಹಾಗೆ, ಉದ್ದಕ್ಕೆ ನೇರವಾಗಿ ತಿರುಗಿತ್ತು. ತೂಕವಿತ್ತು, ತುದಿಯ ವೇಗವಿರಲಿಲ್ಲ.

ಇನ್ನೊಂದು ವಿಚಿತ್ರವನ್ನು ಮಕ್ಕಳು ತಾವೇ ಕಂಡುಹಿಡಿದರು. ಚಿತ್ರ ಚಿತ್ರ ಎಣಿಸಿ ನೋಡಿದರೆ ಚೆಂಡಿನ ವೇಗ ಪಾದದ ವೇಗಕ್ಕಿಂತ ಹೆಚ್ಚು! ಕೊಟ್ಟವನಿಗಿಂತ ಪಡೆದವನ ಬಳಿ ಹೆಚ್ಚಿಗೆ ಬಂದದ್ದು ಹೇಗೆ? ಪಾದದ ಹಿಂದೆ ಕೆಳಗಾಲಿನ ತೂಕವಿದೆ, ಚೆಂಡಿನದು ಅದಕ್ಕಿಂತ ಎಷ್ಟೋ ಕಡಿಮೆ. ಮೇಲಾಗಿ ಚೆಂಡು ಪುಟಿಯುವ ವಸ್ತು. ಚಪ್ಪಟೆಯಾದಾಗ ಒಳಗಿನ ಗಾಳಿ ಸ್ಪ್ರಿಂಗಿನಂತೆ ಕುಗ್ಗುತ್ತದೆ, ಹಿಗ್ಗುವಾಗ ಚೆಂಡನ್ನು ಪಾದದಿಂದ ಮುಂದಕ್ಕೆ ತಳ್ಳುತ್ತದೆ. ಚೊಕ್ಕವಾಗಿ ತಾಗಿದ ಒದೆತದಲ್ಲಿ ಚೆಂಡಿನ ವೇಗ ಪಾದದ ವೇಗದ 1.2 ಪಟ್ಟು ಇರುತ್ತದೆ. ಆದರೆ ಕಣಕಾಲು ಸಡಿಲವಿದ್ದರೆ ಈ ಲಾಭ ಕೈತಪ್ಪುತ್ತದೆ. ಪಾದ ಹಿಂದಕ್ಕೆ ಮಣಿದು, ಚೆಂಡಿಗೆ ಹೋಗಬೇಕಾದದ್ದು ಕೀಲಿನಲ್ಲೇ ಕರಗಿಬಿಡುತ್ತದೆ. ಬೆರಳ ತುದಿಯಿಂದ ಒದ್ದಾಗಲೂ ಹಾಗೆಯೇ, ನೋವು ಬೇರೆ. ಲೇಸು ಕಟ್ಟುವ ಜಾಗದ ಗಟ್ಟಿ ಮೂಳೆಯಿಂದ ಹೊಡಿ ಎಂದು ಕೋಚ್‌ಗಳು ಹೇಳುವುದು ಇದಕ್ಕೇ. ಚೆಂಡೂ ಪಾದವೂ ಅಂಟಿಕೊಂಡು ಸಾಗುವ ದೂರ ಹೆಚ್ಚುಕಡಿಮೆ ಒಂದು ಗೇಣು. ಆ ಒಂದು ಗೇಣಿನ ಉದ್ದಕ್ಕೂ ಪಾದ ಮಣಿಯಬಾರದು.

ಇಷ್ಟು ಹೇಳಿದ ಮೇಲೂ ಹುಡುಗನಿಗೆ ಪೂರಾ ಸಮಾಧಾನವಾಗಲಿಲ್ಲ. ಮೊಣಕಾಲು ಮಡಚಿ ಬೀಸಿದ, ಕಣಕಾಲು ಬಿಗಿ ಹಿಡಿದ. ಚೆಂಡು ಮೊದಲಿಗಿಂತ ದೂರ ಹೋಯಿತು, ಗೋಡೆ ಮಾತ್ರ ದಾಟಲಿಲ್ಲ. ಆಗ ನಾವು ಅವನ ಒದೆಯುವ ಕಾಲು ನೋಡುವುದನ್ನು ಬಿಟ್ಟು ಇನ್ನೊಂದು ಕಾಲು ನೋಡಿದೆವು.

ನಾನು ಇಡೀ ಲೇಖನ ಬರೆಯಲು ಕೂತದ್ದು ಈ ಕಾಲಿನ ಸಲುವಾಗಿ. ಬಲಗಾಲಿನಲ್ಲಿ ಒದೆಯುವವನ ಎಡಗಾಲು ಚೆಂಡಿನ ಮಗ್ಗುಲಲ್ಲಿ ನೆಲಕ್ಕೆ ಊರುತ್ತದೆ. ಓಟದಲ್ಲಿ ಬಂದ ಮೈಯನ್ನು ತಟ್ಟನೆ ತಡೆಯುವುದು ಅದೇ. ಸೈಕಲ್ಲಿನ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ ಹಿಂದಿನ ಗಾಲಿ ಏಳುತ್ತದಲ್ಲ, ಸೈಕ್ಲಿಂಗಿಗೆ ಹೆಸರಾದ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಅದನ್ನು ಮೈಮೇಲೆ ಅನುಭವಿಸದ ಹುಡುಗನೇ ಇಲ್ಲ. ಒದೆತದಲ್ಲೂ ಹಾಗೆಯೇ. ನಿಂತ ಕಾಲು ಕೆಳಗಿನಿಂದ ತಡೆದಾಗ ಟೊಂಕ ಅದರ ಮೇಲೆ ತಿರುಗುತ್ತದೆ, ಓಟದಲ್ಲಿದ್ದ ಸಂವೇಗ ಒದೆಯುವ ಕಾಲಿಗೆ ದಾಟುತ್ತದೆ. ತಡೆ ಗಟ್ಟಿಯಾದಷ್ಟೂ ಬೀಸು ಜೋರು.

ಮೂರನೆಯ ನಿಯಮ ಇಲ್ಲಿ ನೆಲದ ರೂಪದಲ್ಲಿ ಬರುತ್ತದೆ. ಕಾಲು ನೆಲವನ್ನು ಎಷ್ಟು ಒತ್ತುತ್ತದೋ ನೆಲವೂ ಕಾಲನ್ನು ಅಷ್ಟೇ ಒತ್ತುತ್ತದೆ. ಬಲ ಅಳೆಯುವ ಹಲಗೆಗಳ ಮೇಲೆ ಆಟಗಾರರನ್ನು ಒದೆಯಿಸಿ ನೋಡಿದಾಗ ನಿಂತ ಕಾಲಿನ ಮೇಲೆ ಮೈತೂಕದ ಎರಡು, ಎರಡೂವರೆ ಪಟ್ಟು ಬಲ ಕಾಣುತ್ತದೆ. 40 ಕೆ.ಜಿ.ಯ ಹುಡುಗಿ ಆ ಕ್ಷಣದಲ್ಲಿ ನೆಲವನ್ನು 80ರಿಂದ 100 ಕೆ.ಜಿ. ಭಾರದಂತೆ ಒತ್ತುತ್ತಿದ್ದಾಳೆ. ಎಲ್ಲರೂ ಹಾರುವ ಚೆಂಡನ್ನು ನೋಡುತ್ತಿರುವಾಗ ಕ್ವಿಂಟಲ್ ಚೀಲ ಹೊತ್ತು ನಿಂತದ್ದು ಎಡಗಾಲು.

ನಮ್ಮ ಹುಡುಗನ ಎಡಗಾಲು ಚೆಂಡಿನಿಂದ ಒಂದು ಮೊಳ ಹಿಂದೆ ಬೀಳುತ್ತಿತ್ತು, ಬಿದ್ದ ಮೇಲೆ ನಾಲ್ಕು ಬೆರಳು ಜಾರುತ್ತಿತ್ತು. ಹದಿನೈದು ಹೆಜ್ಜೆ ಓಡಿ ಗಳಿಸಿದ್ದೆಲ್ಲ ಆ ಜಾರಿನಲ್ಲಿ ಖರ್ಚಾಗುತ್ತಿತ್ತು. ಹುಡುಗಿ ಕಬಡ್ಡಿ ಆಡುವವಳು. ರೇಡಿಗೆ ಹೋಗಿ ಗೆರೆ ಮುಟ್ಟಿ ಒಂದೇ ಕಾಲಲ್ಲಿ ತಿರುಗಿ ಬರುವುದು ಅವಳ ನಿತ್ಯದ ರೂಢಿ. ಅವಳ ಎಡಗಾಲು ಚೆಂಡಿನ ಪಕ್ಕಕ್ಕೇ, ಒಂದು ಗೇಣು ಅಂತರದಲ್ಲಿ, ಊರಿದಲ್ಲೇ ಊರಿರುತ್ತಿತ್ತು.

ನೆಲದ ಮಾತು ಬಂದಾಗ ಎರೆಮಣ್ಣಿನ ಮಾತು ಹೇಳದೆ ವಿಧಿಯಿಲ್ಲ. ಡೋಣಿ ಹರಿದರೆ ಓಣಿ ತುಂಬ ಜೋಳ ಎಂದು ಹಿರಿಯರು ಹೇಳುತ್ತಾ ಬಂದದ್ದು ಡೋಣಿ ನದಿಯ ದಂಡೆಯ ಈ ಮಣ್ಣಿನ ಬಗ್ಗೆಯೇ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಬಿಳಿಜೋಳಕ್ಕೆ ಇದಕ್ಕಿಂತ ಒಳ್ಳೆಯ ನೆಲವಿಲ್ಲ, ಚೆಂಡಾಟಕ್ಕೆ ಇದಕ್ಕಿಂತ ಕಷ್ಟದ ನೆಲವಿಲ್ಲ. ಬೇಸಿಗೆಯಲ್ಲಿ ಚೆಂಡು ಬಿರುಕಿನ ಅಂಚಿಗೆ ತಾಗಿ ಎತ್ತಲೋ ಪುಟಿಯುತ್ತದೆ. ಮಳೆಗಾಲದಲ್ಲಿ ಮುದ್ದೇಬಿಹಾಳ, ತಾಳಿಕೋಟೆ ಕಡೆಯ ಬಯಲಿಗೆ ಇಳಿದರೆ ಹತ್ತು ಹೆಜ್ಜೆಗೆ ಬೂಟಿಗೆ ಅರ್ಧ ಕೆ.ಜಿ. ಮಣ್ಣು ಮೆತ್ತಿಕೊಂಡಿರುತ್ತದೆ. ಇದು ಒದೆಯುವ ಕಾಲಿಗೆ ಬಲು ದುಬಾರಿ. ತಿರುಗುವ ವಸ್ತುವಿನಲ್ಲಿ ತೂಕ ಎಷ್ಟಿದೆ ಎನ್ನುವುದರ ಜೊತೆಗೆ ಅದು ಎಲ್ಲಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ, ದೂರದ ವರ್ಗದ ಪ್ರಮಾಣದಲ್ಲಿ. ಅದೇ ಮಣ್ಣು ಮೊಣಕಾಲಿಗೆ ಅಂಟಿದ್ದರೆ ಟೊಂಕದ ಸುತ್ತ ಕಾಲನ್ನು ತಿರುಗಿಸಲು ಆಗುವ ಅಡ್ಡಿ ಒಂದು ಪಾಲು. ಪಾದಕ್ಕೆ ಅಂಟಿದರೆ ನಾಲ್ಕು ಪಾಲು. ಹೀಗಾಗಿ ನಮ್ಮ ಮಕ್ಕಳು ಮಳೆ ಬಿದ್ದ ದಿನ ಬೂಟು ಕಳಚಿ ಬದಿಗಿಟ್ಟು ಬರಿಗಾಲಲ್ಲಿ ಇಳಿಯುವುದರಲ್ಲಿ ಒಳ್ಳೆಯ ವಿಚಾರವಿದೆ. ಬಳ್ಳಾರಿ ಜಾಲಿಯ ಮುಳ್ಳಿನ ಭಯ ಇದ್ದೇ ಇದೆ. ಕಾಲಿಗೂ ಅದೇ ಭಯ, ಚೆಂಡಿನ ಬ್ಲಾಡರಿಗೂ ಅದೇ ಭಯ.

ಬರಿಗಾಲು ಎಂದಾಗ ನನಗೆ ನೆನಪಾಗುವುದು 1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಫುಟ್‌ಬಾಲ್ ತಂಡ ಜುಲೈ 31ರಂದು ಫ್ರಾನ್ಸ್ ವಿರುದ್ಧ ಆಡಿತು. ತಂಡದ ಹೆಚ್ಚಿನವರು ಬರಿಗಾಲಿನವರು, ಕೆಲವರು ಪಾದಕ್ಕೆ ಪಟ್ಟಿ ಸುತ್ತಿಕೊಂಡವರು. ಭಾರತ 1–2ರಿಂದ ಸೋತಿತು. ಆ ಒಂದು ಗೋಲು ಹೊಡೆದದ್ದು ಮೈಸೂರು ರಾಜ್ಯದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯಾ 10–1ರಿಂದ ಸೋಲಿಸಿದಾಗಲೂ ನಮ್ಮ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಕಾಲಿನಿಂದ ಬಂತು. ಆ ಎರಡು ಕೂಟಗಳಲ್ಲಿ ಭಾರತದ ಲೆಕ್ಕಕ್ಕೆ ಸೇರಿದ ಎರಡೂ ಗೋಲು ಕನ್ನಡ ನಾಡಿನ ಮೈದಾನಗಳಲ್ಲಿ ಪಳಗಿದ ಕಾಲುಗಳವು. ಇದನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ ಎಂಬ ಬೇಸರ ನನಗಿದೆ.

ಬರಿಗಾಲಿನಲ್ಲಿ ಚೆಂಡಿನ ಸ್ಪರ್ಶ ಸೂಕ್ಷ್ಮ, ಪಾದ ಹಗುರ, ಬೀಸು ಚುರುಕು. ಹಾಗಾದರೆ ಬೂಟು ಯಾಕೆ? ಉತ್ತರ ಮತ್ತೆ ನಿಂತ ಕಾಲಿನದೇ. ಒದ್ದೆ ಹುಲ್ಲಿನ ಮೇಲೆ ಬರಿಯ ಅಂಗಾಲಿಗೆ ಹಿಡಿತ ಸಿಗುವುದಿಲ್ಲ. ಬೂಟಿನ ತಳದ ಗುಬುಟುಗಳು ನೆಲದೊಳಗೆ ಇಳಿದು ಕಚ್ಚಿ ಹಿಡಿಯುತ್ತವೆ. ಅಂದಿನ ಚೆಂಡು ತೊಗಲಿನದು, ನೀರು ಹೀರಿ ಭಾರವಾಗುವಂಥದ್ದು. ಹೆಲ್ಸಿಂಕಿಯ ಸೋಲಿನ ನಂತರ ಭಾರತದ ಫುಟ್‌ಬಾಲಿನಲ್ಲಿ ಬೂಟು ಕಡ್ಡಾಯವಾಯಿತು.

ಚೆಂಡು ಪಾದ ಬಿಟ್ಟಿತು. ಇನ್ನು ಅದರ ಜೊತೆಗಿರುವುದು ಭೂಮಿಯ ಸೆಳೆತ ಮತ್ತು ಗಾಳಿ. ಗಾಳಿಯೇ ಇಲ್ಲದಿದ್ದರೆ ಸೆಕೆಂಡಿಗೆ 25 ಮೀಟರಿನಂತೆ 45 ಡಿಗ್ರಿ ಕೋನದಲ್ಲಿ ಹೊರಟ ಚೆಂಡು 64 ಮೀಟರ್ ದೂರ ಬೀಳಬೇಕು. ಪಠ್ಯಪುಸ್ತಕದ ಸೂತ್ರ ಇದು. ಬಯಲಿನಲ್ಲಿ ಅಷ್ಟು ದೂರ ಹೋಗುವುದೇ ಇಲ್ಲ. ಆ ವೇಗದಲ್ಲಿ ಚೆಂಡಿನ ಮೇಲೆ ಗಾಳಿಯ ತಡೆ ಮೂರೂವರೆ ನ್ಯೂಟನ್ನಿನ ಆಸುಪಾಸು. ಚೆಂಡಿನ ತೂಕವೇ ನಾಲ್ಕು ನ್ಯೂಟನ್ ಚಿಲ್ಲರೆ. ಅಂದರೆ ಭೂಮಿ ಕೆಳಕ್ಕೆ ಎಳೆಯುವಷ್ಟೇ ಜೋರಾಗಿ, ತುಸು ಕಡಿಮೆ, ಗಾಳಿ ಹಿಂದಕ್ಕೆ ಎಳೆಯುತ್ತಿದೆ. ಗಾಳಿ ಅಂದರೆ ಏನೂ ಇಲ್ಲದ್ದು ಎಂದು ತಿಳಿದ ಮಕ್ಕಳಿಗೆ ಈ ಲೆಕ್ಕ ಹೇಳಿದಾಗ ಅವರ ಮುಖ ನೋಡಬೇಕು.

ನಮ್ಮ ಜಿಲ್ಲೆಯ ಇಂಡಿಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಪಾದರಸ 42 ಡಿಗ್ರಿ ತೋರಿಸುತ್ತಿರುವಾಗ ಅದೇ ಚೆಂಡನ್ನು ಒದ್ದರೆ? ಕಾದ ಗಾಳಿ ತೆಳು. ನಮ್ಮ ಈ ಊರುಗಳು ಸಮುದ್ರಮಟ್ಟದಿಂದ ಸುಮಾರು ಅರ್ಧ ಕಿಲೋಮೀಟರ್ ಮೇಲಿವೆ, ಅದರಿಂದಲೂ ಗಾಳಿ ಇನ್ನಷ್ಟು ತೆಳು. ಸಮುದ್ರಮಟ್ಟದಲ್ಲಿ 15 ಡಿಗ್ರಿಯ ತಂಪಿನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.22 ಕೆ.ಜಿ. ಇದ್ದರೆ ಇಂಡಿಯ ಬಿಸಿಲಲ್ಲಿ 1.05 ಕೆ.ಜಿ. ತಡೆ ಶೇಕಡ 14ರಷ್ಟು ಕಡಿಮೆ. ಬೊಲಿವಿಯಾದ ಲಾ ಪಾಜ್ ನಗರದಲ್ಲಿ, 3,600 ಮೀಟರ್ ಎತ್ತರದಲ್ಲಿ, ಹೊರಗಿನ ತಂಡಗಳ ಗೋಲ್‌ಕೀಪರ್‌ಗಳು ಚೆಂಡಿನ ವೇಗಕ್ಕೆ ದಿಕ್ಕೆಡುವುದು ಇದೇ ಕಾರಣಕ್ಕೆ. ಬಿಸಿಲಲ್ಲಿ ಬಿಟ್ಟ ಚೆಂಡು ಇನ್ನೂ ಒಂದು ಕೆಲಸ ಮಾಡುತ್ತದೆ. ಬೆಳಿಗ್ಗೆ ಸೈಕಲ್ ಪಂಪಿನಿಂದ ಹದವಾಗಿ ಗಾಳಿ ತುಂಬಿ ಇಟ್ಟದ್ದು ಮಧ್ಯಾಹ್ನಕ್ಕೆ ಕಲ್ಲಿನಂತೆ ಬಿರುಸಾಗಿರುತ್ತದೆ. ಒಳಗಿನ ಗಾಳಿ 20ರಿಂದ 50 ಡಿಗ್ರಿಗೆ ಕಾದರೆ ತುಂಬಿದ ಒತ್ತಡ 0.8ರಿಂದ ಒಂದು ವಾಯುಭಾರದ ಹತ್ತಿರ ಏರುತ್ತದೆ. ನಿಯಮ ಒಪ್ಪುವುದು 0.6ರಿಂದ 1.1ರವರೆಗೆ. ಮೇಲಿನ ಗೆರೆಯ ಹತ್ತಿರವೇ ತುಂಬಿಟ್ಟಿದ್ದರೆ ಚೆಂಡು ಗೆರೆ ದಾಟಿರುತ್ತದೆ, ಹೊಲಿಗೆ ಬಿಡುವುದೂ ಆಗಲೇ.

ಇಂಡಿ ಲಿಂಬೆಯ ಊರು. ಅಲ್ಲಿನ ಮಕ್ಕಳ ಮುಂದೆ ಮೂರು ಉಂಡೆ ಇಡಬೇಕೆಂಬ ಆಸೆ ನನ್ನದು. ಒಂದು ಲಿಂಬೆಹಣ್ಣು, ಒಂದು ಫುಟ್‌ಬಾಲ್, ಒಂದು ಜಾತ್ರೆಯ ಹಗುರ ಪ್ಲಾಸ್ಟಿಕ್ ಚೆಂಡು. ಗಾಳಿಗೆ ಒಡ್ಡಿದ ಎದೆ ಎಷ್ಟು, ಹಿಂದಿರುವ ತೂಕ ಎಷ್ಟು? ಲಿಂಬೆಗೆ ಎದೆ ಚಿಕ್ಕದು, ತೂಕ ದಂಡಿ. ಎಸೆದರೆ ಕಲ್ಲಿನ ಹಾಗೆ ನೆಟ್ಟಗೆ ಹೋಗುತ್ತದೆ. ಪ್ಲಾಸ್ಟಿಕ್ ಚೆಂಡಿಗೆ ಫುಟ್‌ಬಾಲಿನಷ್ಟೇ ಅಗಲದ ಎದೆ, ತೂಕ ನಾಲ್ಕನೆಯ ಒಂದು ಪಾಲೂ ಇಲ್ಲ. ಆಷಾಢದ ಗಾಳಿಯಲ್ಲಿ ಅದನ್ನು ಒದ್ದರೆ ಒದ್ದವನ ತಲೆಯ ಮೇಲೇ ವಾಪಸು ಬಂದದ್ದನ್ನು ನಾನು ಕಂಡಿದ್ದೇನೆ. ಫುಟ್‌ಬಾಲ್ ಇವೆರಡರ ನಡುವಿನದು. ಗಾಳಿಯ ಮಾತನ್ನು ಅದು ಪೂರಾ ಕೇಳುವುದಿಲ್ಲ, ಪೂರಾ ತಳ್ಳಿಹಾಕುವುದೂ ಇಲ್ಲ. ಈ ಆಟದ ಚೆಲುವೆಲ್ಲ ಇರುವುದು ಈ ನಡುವಿನ ಜಾಗದಲ್ಲಿ.

ಚೆಂಡು ಗಾಳಿಯಲ್ಲಿ ಬಾಗುವುದನ್ನೇ ನೋಡಿ. ಚೆಂಡಿನ ನಟ್ಟನಡುವೆ ಒದ್ದರೆ ಅದು ತಿರುಗದೆ ಹೋಗುತ್ತದೆ. ಬಲ ಮಗ್ಗುಲಿಗೆ ಒದ್ದರೆ ಬುಗುರಿಯಂತೆ ತಿರುಗುತ್ತಾ ಹೋಗುತ್ತದೆ. ಆಗ ಎಡ ಮಗ್ಗುಲಿನ ಮೈ ಎದುರುಗಾಳಿಯ ಜೊತೆಗೆ ಸರಿಯುತ್ತದೆ, ಬಲ ಮಗ್ಗುಲಿನದು ಅದಕ್ಕೆ ಎದುರಾಗಿ. ಎಡಗಡೆ ಗಾಳಿ ಚೆಂಡಿನ ಮೈಗೆ ಹೆಚ್ಚು ಹೊತ್ತು ಅಂಟಿಕೊಂಡು, ಸುತ್ತಿ, ಹಿಂದಿನಿಂದ ಬಲಕ್ಕೆ ಎಸೆಯಲ್ಪಡುತ್ತದೆ. ಚೆಂಡು ಗಾಳಿಯನ್ನು ಬಲಕ್ಕೆ ಎಸೆದರೆ ಗಾಳಿ ಚೆಂಡನ್ನು ಎಡಕ್ಕೆ ತಳ್ಳಲೇಬೇಕು. ಮತ್ತೆ ಅದೇ ಮೂರನೆಯ ನಿಯಮ. 1852ರಲ್ಲಿ ಬರ್ಲಿನ್ನಿನ ಗುಸ್ತಾವ್ ಮ್ಯಾಗ್ನಸ್ ಇದನ್ನು ಪ್ರಯೋಗದಿಂದ ತೋರಿಸಿದ್ದರಿಂದ ಅವನ ಹೆಸರೇ ನಿಂತಿದೆ. ಆದರೆ ಅವನಿಗಿಂತ ನೂರು ವರ್ಷ ಮೊದಲು ಇದನ್ನು ಗುರುತಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಅವನ ಚಿಂತೆ ಚೆಂಡಿನದಲ್ಲ, ಬಂದೂಕಿನ ಗುಂಡಿನದು. ನೆಟ್ಟಗೆ ಗುರಿಯಿಟ್ಟ ಗುಂಡು ಯಾಕೆ ಅಡ್ಡ ಹೋಗುತ್ತದೆ ಎಂದು ಕೇಳಿಕೊಂಡು, ನಳಿಗೆಯನ್ನೇ ಎಡಕ್ಕೆ ಬಾಗಿಸಿ, ಹೊರಬಂದ ಗುಂಡು ತಿರುಗುತ್ತಾ ಬಲಕ್ಕೆ ಹೊರಳುವುದನ್ನು ತೋರಿಸಿದ. ಅವನು ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕೆಂದು ಭಾರತಕ್ಕೆ ಬಂದು 1751ರಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ನಮ್ಮ ವಿಜಯಪುರದ ಬುರುಜಿನ ಮೇಲೂ ಒಂದು ದೊಡ್ಡ ತೋಪು ಕೂತಿದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ, 55 ಟನ್ ತೂಗುವ ಮಲಿಕ್-ಎ-ಮೈದಾನ್. ಬಯಲಿನ ಒಡೆಯ ಎಂದು ಆ ಹೆಸರಿನ ಅರ್ಥ. ಪ್ರವಾಸಕ್ಕೆ ಕರೆದೊಯ್ದಾಗ ಮಕ್ಕಳು ಅದರ ಬಾಯೊಳಗೆ ಇಣುಕಿ ನೋಡುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ತೋಪು ತನ್ನ ನಳಿಗೆಯ ಉದ್ದಕ್ಕೂ ಗುಂಡನ್ನು ತಳ್ಳುತ್ತದೆ, ನಿಮಗೆ ಸಿಗುವ ನಳಿಗೆ ಒಂದು ಗೇಣಿನದು.

ಬಾಗುವ ಚೆಂಡಿನ ಮಾತು ಬಂದರೆ 1997ರ ಜೂನ್ 3ನ್ನು ಬಿಡುವಂತಿಲ್ಲ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಬ್ರೆಜಿಲ್‌ನ ರಾಬರ್ಟೊ ಕಾರ್ಲೋಸ್ 35 ಮೀಟರ್ ದೂರದಿಂದ ಫ್ರೀ ಕಿಕ್ ಹೊಡೆದ. ಎಡಗಾಲಿನ ಹೊರ ಅಂಚು ಚೆಂಡಿನ ಬಲ ಮಗ್ಗುಲಿಗೆ ತಾಗಿತು. ಚೆಂಡು ಆಟಗಾರರ ಗೋಡೆಯ ಬಲಕ್ಕೆ ಎಷ್ಟು ದೂರ ಹೋಯಿತೆಂದರೆ ಗೋಲಿನಾಚೆ ನಿಂತಿದ್ದ ಚೆಂಡು ಹೆಕ್ಕುವ ಹುಡುಗ ತಲೆ ತಗ್ಗಿಸಿದ. ಆಮೇಲೆ ಎಡಕ್ಕೆ ಹೊರಳಿ ಕಂಬಕ್ಕೆ ಸವರಿ ಒಳಗೆ ಹೋಯಿತು. ಫ್ರಾನ್ಸಿನ ಗೋಲ್‌ಕೀಪರ್ ಬಾರ್ಥೆಜ್ ನಿಂತಲ್ಲೇ ನಿಂತಿದ್ದ. 2010ರಲ್ಲಿ ಫ್ರಾನ್ಸಿನದೇ ಭೌತವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದರು: ತಿರುಗುವ ಚೆಂಡಿನ ಹಾದಿ ವೃತ್ತದ ತುಂಡಲ್ಲ, ವೇಗ ತಗ್ಗಿದಂತೆಲ್ಲ ಬಿಗಿಯಾಗುತ್ತಾ ಹೋಗುವ ಸುರುಳಿ. ದೂರ ಸಾಕಷ್ಟಿದ್ದರೆ ಕಡೆಯ ಹೊರಳು ಕಣ್ಣಿಗೆ ಕಾಣುತ್ತದೆ. ಹತ್ತಿರದ ಒದೆತದಲ್ಲಿ ಸುರುಳಿ ಬಿಚ್ಚುವ ಮೊದಲೇ ಚೆಂಡು ಬಲೆಯಲ್ಲಿರುತ್ತದೆ. ನಾನು ಆ ವಿಡಿಯೋವನ್ನು ಮಕ್ಕಳಿಗೆ ಹತ್ತು ಸಲ ತೋರಿಸಿದ್ದೇನೆ. ಹನ್ನೊಂದನೆಯ ಸಲ ಅವರು ನನಗೆ ತೋರಿಸಿದರು, ಕಾರ್ಲೋಸ್‌ನ ಬಲಗಾಲನ್ನು. "ಸರ್, ಅಂವ ಯಾವ ಕಾಲ ಮ್ಯಾಲ ನಿಂತಾನ ನೋಡ್ರಿ."

ನಮ್ಮದು ಕುಸ್ತಿ, ಕಬಡ್ಡಿ, ಸೈಕಲ್ಲಿನ ಸೀಮೆ. ಇಲ್ಲಿನ ಶಾಲೆಗಳಿಗೆ ಚೆಂಡು ಬರುವುದೇ ಅಪರೂಪ. 2022ರ ಅಕ್ಟೋಬರ್ 30ರಂದು, ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ಫೈನಲ್ ನವಿ ಮುಂಬೈಯಲ್ಲಿ ನಡೆದ ದಿನವೇ, ಶಾಲೆಗಳಿಗೆ ಫುಟ್‌ಬಾಲ್ ಹಂಚುವ ಯೋಜನೆಗೆ ಫಿಫಾ ಮತ್ತು ಕೇಂದ್ರ ಶಿಕ್ಷಣ ಸಚಿವಾಲಯ ಮುಂಬೈಯಲ್ಲಿ ಸಹಿ ಹಾಕಿದವು. ಚೆಂಡುಗಳು ಬರಲಿ, ಇನ್ನೂ ಬರಲಿ. ಅವು ಕ್ರೀಡಾ ಕೋಣೆಯ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರಬಾರದು ಎನ್ನುವುದು ನನ್ನ ಬೇಡಿಕೆ. ಒಂದು ಚೆಂಡು, ಒಂದು ಮೊಬೈಲು, ಒಂದು ಹಿಡಿ ಸುಣ್ಣ ಇದ್ದರೆ ಒಂಬತ್ತನೆಯ ತರಗತಿಯ ಒಂದು ಇಡೀ ಅಧ್ಯಾಯವನ್ನು ಬಯಲಲ್ಲೇ ಮುಗಿಸಬಹುದು. ಮುಗಿಸಿದ್ದೇನೆ.

ಹುಡುಗನ ಕತೆ ಹೇಳುವುದು ಉಳಿಯಿತು. ಓಟವನ್ನು ಐದು ಹೆಜ್ಜೆಗೆ ಇಳಿಸಿದ. ಚೆಂಡಿನ ಪಕ್ಕ ಸುಣ್ಣದಲ್ಲಿ ಒಂದು ಪಾದ ಬರೆದುಕೊಂಡು, ಅದರ ಮೇಲೇ ಎಡಗಾಲು ಬೀಳುವಂತೆ ಎರಡು ವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಬಂದು ಅಭ್ಯಾಸ ಮಾಡಿದ. ಒಂದು ದಿನ ಚೆಂಡು ಗೋಡೆ ದಾಟಿತು. ಎಲ್ಲರೂ ರಸ್ತೆಯ ಕಡೆ ಓಡಿದರು. ಅವನು ಓಡಲಿಲ್ಲ. ಬಗ್ಗಿ ಕೂತು ನೆಲ ನೋಡುತ್ತಿದ್ದ. ಹಿಂದಿನ ರಾತ್ರಿ ಹನಿದಿದ್ದ ಮಳೆಗೆ ಮೆದುವಾಗಿದ್ದ ಎರೆಮಣ್ಣಿನಲ್ಲಿ ಅವನ ಓಟದ ಹೆಜ್ಜೆಗಳು ತೆಳುವಾಗಿ ಮೂಡಿದ್ದವು. ಕಡೆಯ ಎಡಗಾಲಿನದು ಮಾತ್ರ ಎರಡು ಬೆರಳು ಆಳವಾಗಿ ಇಳಿದಿತ್ತು. ಅಂಚು ಎಲ್ಲೂ ಕೆದರಿರಲಿಲ್ಲ, ಐದೂ ಬೆರಳಿನ ಗುರುತುಗಳು ಎಣಿಸುವಂತಿದ್ದವು. ಹುಡುಗಿ ಚೆಂಡು ಹಿಡಿದುಕೊಂಡು ವಾಪಸು ಬಂದವಳು ಅದನ್ನು ನೋಡಿ, ಪಕ್ಕದಲ್ಲಿ ತನ್ನ ಎಡಗಾಲು ಊರಿ, ಯಾರದು ಆಳ ಎಂದು ಬೆರಳಿಟ್ಟು ಅಳೆಯತೊಡಗಿದಳು.